ಎರೆ ಮಣ್ಣು ಯಾಕೆ ಬಾಯಿ ಬಿಡುತ್ತೆ?

ಊರಲ್ಲಿರುವ ನಮ್ಮ ಮನೆಯ ಪಡಸಾಲೆ ಗೋಡೆಯ ಮೇಲೆ ಪೆನ್ಸಿಲ್ ಗೆರೆಗಳಿವೆ. ಮಕ್ಕಳ ಎತ್ತರ ಅಳೆದ ಗೆರೆಗಳಲ್ಲ. ಕಿಟಕಿಯ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಒಂದು ಬಿರುಕು ಹೋಗಿದೆ. ಅದರ ಎರಡೂ ಬದಿಗೆ ಅಪ್ಪ ಗೆರೆ ಎಳೆದು ಪಕ್ಕದಲ್ಲಿ ತಿಂಗಳು ಬರೆದಿದ್ದಾರೆ. ಮೇ ತಿಂಗಳಲ್ಲಿ ಆ ಬಿರುಕಿನೊಳಗೆ ಎರಡು ರೂಪಾಯಿ ನಾಣ್ಯ ಸಲೀಸಾಗಿ ತೂರುತ್ತೆ. ಸೆಪ್ಟೆಂಬರಿನಲ್ಲಿ ಉಗುರು ಕೂಡ ತೂರಲ್ಲ. ಗೋಡೆ ಉಸಿರಾಡ್ತದ ನೋಡು ಅಂತ ಅಪ್ಪ ನಗುತ್ತಾರೆ. ಆ ಮನೆಗೆ ಸಾಲ ತೆಗೆದವನು ನಾನು, ಕಂತು ಇನ್ನೂ ಒಂಬತ್ತು ವರ್ಷ ಇದೆ. ನನಗೆ ಅಷ್ಟು ನಗು ಬರಲ್ಲ.

ನಮ್ಮೂರು ಸಿಂಧನೂರು ತಾಲೂಕಿನಲ್ಲಿದೆ, ಆರ್.ಎಚ್. ಕ್ಯಾಂಪಿನ ಹತ್ತಿರ. ಗೊತ್ತಿಲ್ಲದವರಿಗೆ ಹೇಳಬೇಕು: ಆರ್.ಎಚ್. ಅಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಜಮೀನು ಕೊಟ್ಟು ಕೂರಿಸಿದ ಜಾಗ ಅದು. ಒಂದು, ಎರಡು, ಮೂರು ಅಂತ ನಂಬರ್ ಹಾಕಿದ ಕ್ಯಾಂಪುಗಳು. ನಮ್ಮ ಕಡೆ ‘ಕ್ಯಾಂಪ್’ ಅನ್ನೋ ಪದಕ್ಕೆ ಇನ್ನೂ ಒಂದು ಅರ್ಥ ಇದೆ. ಕಾಲುವೆ ನೀರು ಬಂದ ಮೇಲೆ ಕರಾವಳಿ ಆಂಧ್ರದಿಂದ ಬಂದು ಭತ್ತ ನಾಟಿದವರ ಊರುಗಳಿಗೂ ಕ್ಯಾಂಪ್ ಅಂತಲೇ ಹೆಸರು. ಹಾಗಾಗಿ ಸಿಂಧನೂರು ಬಸ್‌ ಸ್ಟ್ಯಾಂಡಿನಲ್ಲಿ ನಿಂತರೆ ಕನ್ನಡ, ತೆಲುಗು, ಬಂಗಾಳಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಜೋಳದ ರೊಟ್ಟಿ ತಿಂದು ಬೆಳೆದ ನಾನು ಮೀನಿನ ಸಾರು ಮೊದಲು ತಿಂದದ್ದು ಕ್ಯಾಂಪಿನ ಗೆಳೆಯನ ಮನೆಯಲ್ಲಿ. ಮನೆಯಲ್ಲಿ ಹೇಳಬೇಡ ಅಂತ ಅವನ ಅಮ್ಮನಿಗೆ ಗೋಗರೆದಿದ್ದೆ. ಅವರನ್ನು ನಾನು ಮಾಶಿ ಅಂತ ಕರೀತೀನಿ.

ಕಳೆದ ಬೇಸಿಗೆಯಲ್ಲಿ ಮಾಶಿ ಮನೆಯಲ್ಲಿ ಕೂತಿದ್ದಾಗ ಗೆಳೆಯ ತನ್ನ ಮನೆಯ ಗೋಡೆ ತೋರಿಸಿದ. ಅಲ್ಲೂ ಅದೇ ಬಿರುಕು, ಅದೇ ಓರೆ. ಲಿಂಗಸುಗೂರು ಕಡೆ ಮಸಾರಿ ನೆಲದ ಮೇಲೆ ಅವನ ಮಾವನ ಮನೆ ಇದೆ. ನಮ್ಮದಕ್ಕಿಂತ ಹಳೆಯದು, ಅಗ್ಗದ್ದು, ಗೋಡೆಯಲ್ಲಿ ಕೂದಲೆಳೆಯಷ್ಟೂ ಸೀಳಿಲ್ಲ. “ಏ, ನೀ ಇಂಜಿನಿಯರ್ ಅಲ್ಲೇನಲೇ, ಯಾಕ ಹಿಂಗ ಹೇಳು” ಅಂದ. ನಾನು ಬರೆಯೋದು ಕೋಡು, ಕಟ್ಟೋದು ಮನೆ ಅಲ್ಲ ಅಂತ ತಪ್ಪಿಸಿಕೊಂಡೆ. ಆದರೆ ಪ್ರಶ್ನೆ ನನ್ನ ಜೊತೆ ಬೆಂಗಳೂರಿನ ರಾತ್ರಿ ಬಸ್ಸು ಹತ್ತಿತು. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬಿ.ಇ. ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ನಾನು ಪಾಸಾಗೋಕೆ ಬೇಕಾದಷ್ಟೇ ಓದಿ ಬಿಟ್ಟಿದ್ದ ಒಂದು ಪಾಠ: ಹೈಡ್ರೋಜನ್ ಬಂಧ. ಅದಕ್ಕೊಂದು ಇತಿಹಾಸ ಇದೆ. ಆ ಇತಿಹಾಸದ ಒಂದು ದೊಡ್ಡ ತುಂಡು ನಾನು ದಿನಾ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ಊರಿನಲ್ಲೇ ನಡೆದಿದೆ.

ಮೊದಲು ಮಣ್ಣು. ಜೇಡಿ ಮಣ್ಣಿನ ಕಣವನ್ನು ಹಿಗ್ಗಿಸುತ್ತಾ ಹೋದರೆ ಕೊನೆಗೆ ಕಾಣೋದು ಹಾಳೆಗಳು, ಒಂದರ ಮೇಲೊಂದು ಪೇರಿಸಿದ ಹಾಳೆಗಳು. ಈ ತರದ ಪದರದ ಖನಿಜಗಳ ರಚನೆಯನ್ನು 1930ರಲ್ಲಿ ಮೊದಲು ಬಿಡಿಸಿದವರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಒಬ್ಬ. ಮಸಾರಿ ಮಣ್ಣಿನ ಜೇಡಿಯಲ್ಲಿ ಮುಖ್ಯವಾಗಿ ಇರೋದು ಕೆಯೋಲಿನೈಟ್. ಅದರ ಪ್ರತಿ ಹಾಳೆಗೂ ಎರಡು ಬೇರೆ ಬೇರೆ ಮುಖ: ಒಂದು ಕಡೆ ಆಮ್ಲಜನಕ, ಇನ್ನೊಂದು ಕಡೆ ಆಮ್ಲಜನಕಕ್ಕೆ ಅಂಟಿಕೊಂಡ ಹೈಡ್ರೋಜನ್. ಒಂದು ಹಾಳೆಯ ಹೈಡ್ರೋಜನ್ ಮುಖ ಮುಂದಿನ ಹಾಳೆಯ ಆಮ್ಲಜನಕದ ಮುಖಕ್ಕೆ ಎದುರಾಗುತ್ತೆ, ಹೈಡ್ರೋಜನ್ ಆ ಕಡೆಯ ಆಮ್ಲಜನಕವನ್ನೂ ಹಿಡಿದುಕೊಳ್ಳುತ್ತೆ. ಒಂದೊಂದು ಹಿಡಿತವೂ ಸಡಿಲವೇ. ಆದರೆ ಹಾಳೆಯ ಉದ್ದಗಲಕ್ಕೂ ಲೆಕ್ಕವಿಲ್ಲದಷ್ಟು ಹಿಡಿತಗಳಿವೆ. ಮಳೆ ಎಷ್ಟೇ ಬಂದರೂ ನೀರು ಆ ಸಂದಿಗೆ ನುಗ್ಗಲಾರದು.

ನಮ್ಮ ಎರೆ ಮಣ್ಣಿನಲ್ಲಿ ಇರೋದು ಮಾಂಟ್ಮೊರಿಲೊನೈಟ್ ಜಾತಿಯ ಜೇಡಿ. ಹೆಸರು ಫ್ರಾನ್ಸಿನ ಒಂದು ಊರಿನದು. ಅದರ ಹಾಳೆಗೆ ಎರಡೂ ಮುಖ ಆಮ್ಲಜನಕವೇ. ಆಮ್ಲಜನಕಕ್ಕೆ ಆಮ್ಲಜನಕ ಎದುರಾದರೆ ಕೈ ಹಿಡಿಯೋಕೆ ನಡುವೆ ಹೈಡ್ರೋಜನ್ನೇ ಇಲ್ಲ. ಹಾಳೆಗಳ ನಡುವೆ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಕೂತು ಹೇಗೋ ಜೊತೆಗಿಟ್ಟಿರುತ್ತವೆ. ಆ ಅಯಾನುಗಳಿಗೆ ನೀರೆಂದರೆ ಜೀವ. ಮಳೆ ಬಿತ್ತು ಅಂದರೆ ನೀರಿನ ಅಣುಗಳು ಸಾಲುಸಾಲಾಗಿ ಒಳಗೆ ಹೋಗಿ ಹಾಳೆಗಳನ್ನು ದೂರ ತಳ್ಳುತ್ತವೆ, ಮಣ್ಣು ಉಬ್ಬುತ್ತೆ. ಬೇಸಿಗೆಯಲ್ಲಿ ನೀರು ಹೊರಟು ಹೋಗುತ್ತೆ, ಮಣ್ಣು ಕುಗ್ಗಿ ಬಾಯಿ ಬಿಡುತ್ತೆ. ಚಿಕ್ಕವರಿದ್ದಾಗ ನಮ್ಮ ಕ್ರಿಕೆಟ್ ಚೆಂಡು ಆ ಬಾಯಿಯೊಳಗೆ ಬಿದ್ದರೆ ಜೋಳದ ದಂಟು ಹಾಕಿ ತಡಕುತ್ತಿದ್ದೆವು. ಎಷ್ಟೋ ಚೆಂಡು ಈಗಲೂ ಅಲ್ಲೇ ಇರಬೇಕು.

ಮನೆ ಪಾಯದಡಿ ಗರಸು ತುಂಬಬೇಕು ಅನ್ನೋದು ನಮ್ಮ ಕಡೆ ಹಳೇ ಗೌಂಡಿಗಳಿಗೆಲ್ಲ ಗೊತ್ತಿದ್ದ ಮಾತು. ಅದನ್ನೇ ಲೆಕ್ಕ ಹಾಕಿ ವಿಜ್ಞಾನ ಮಾಡಿದವರು ಬಾಂಬೆ ಐಐಟಿಯ ಆರ್.ಕೆ. ಕಟ್ಟಿ. ಉಬ್ಬುವ ಮಣ್ಣಿನ ಮೇಲೆ ಉಬ್ಬದ, ಆದರೆ ಒಂದಕ್ಕೊಂದು ಅಂಟಿಕೊಳ್ಳುವ ಮಣ್ಣಿನ ಪದರ ಹಾಸಿದರೆ ಕೆಳಗಿನ ಉಬ್ಬರ ಮೇಲಕ್ಕೆ ಬರೋದಿಲ್ಲ ಅಂತ ಅವರು ತೋರಿಸಿಕೊಟ್ಟರು. ಮಲಪ್ರಭಾ ಕಾಲುವೆಯಲ್ಲಿ ಆ ವಿಧಾನ ಬಳಕೆಗೆ ಬಂತು. ನಮ್ಮ ಮನೆಯ ಗುತ್ತಿಗೆದಾರ ಗರಸಿನ ಲೆಕ್ಕ ಬಿಲ್ಲಿನಲ್ಲಿ ಬರೆದಿದ್ದ, ಪಾಯದಲ್ಲಿ ಹಾಕಿರಲಿಲ್ಲ. ಹೋಗಲಿ, ಆ ವಿಷಯ ಬೇಡ.

ಈಗ ಇತಿಹಾಸಕ್ಕೆ ಬರೋಣ. ಅಣುಗಳು ಒಂದನ್ನೊಂದು ಸೆಳೆಯುತ್ತವೆ ಅಂತ ಲೆಕ್ಕದಲ್ಲಿ ಹಿಡಿದವನು ಡಚ್ಚರ ವಾನ್ ಡರ್ ವಾಲ್ಸ್, 1873ರ ತನ್ನ ಪಿಎಚ್.ಡಿ. ಪ್ರಬಂಧದಲ್ಲಿ. ಅನಿಲ ತಣ್ಣಗಾದಾಗ ದ್ರವ ಆಗಬೇಕಾದರೆ ಅಣುಗಳ ನಡುವೆ ಏನೋ ಸೆಳೆತ ಇರಲೇಬೇಕಲ್ಲ, ಆ ಮಾತು. ಆದರೆ ನೀರು ಆ ಲೆಕ್ಕಕ್ಕೂ ಬಗ್ಗಲಿಲ್ಲ. ಗಂಧಕ ಆಮ್ಲಜನಕಕ್ಕಿಂತ ದೊಡ್ಡ, ಭಾರದ ಪರಮಾಣು. ಅದೇ ಅಚ್ಚಿನ ಹೈಡ್ರೋಜನ್ ಸಲ್ಫೈಡ್ (ಕೊಳೆತ ಮೊಟ್ಟೆ ವಾಸನೆಯ ಅನಿಲ) ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದ್ದು ಹೋಗುತ್ತೆ. ಹಗುರಾದ ನೀರು ಮಾತ್ರ ನೂರು ಡಿಗ್ರಿವರೆಗೆ ಜಗ್ಗಲ್ಲ. ನೀರಿನ ಅಣುಗಳು ಪರಸ್ಪರ ಯಾವುದೋ ಬೇರೆ ಕೊಕ್ಕೆಯಿಂದ ಹಿಡಿದುಕೊಂಡಿವೆ.

ಆ ಕೊಕ್ಕೆ ಮೊದಲು ಕಂಡದ್ದು ಯಾರಿಗೆ ಅನ್ನೋದೇ ಒಂದು ಜಗಳ. 1912ರಲ್ಲಿ ಇಂಗ್ಲೆಂಡಿನ ಮೂರ್ ಮತ್ತು ವಿನ್ಮಿಲ್ ಅಮೋನಿಯಾ ಜಾತಿಯ ಪ್ರತ್ಯಾಮ್ಲಗಳ ಬಗ್ಗೆ ಬರೆಯುತ್ತಾ ಅಂಥದ್ದೊಂದು ಚಿತ್ರ ಬಿಡಿಸಿದರು. 1920ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಲ್ಯಾಟಿಮರ್ ಮತ್ತು ರೋಡ್‌ಬುಷ್, ಒಂದು ಹೈಡ್ರೋಜನ್ ಎರಡು ಅಣುಗಳ ನಡುವೆ ನಿಂತು ಎರಡನ್ನೂ ಹಿಡಿಯಬಹುದು ಅಂತ ನೀರಿನ ಬಗ್ಗೆಯೇ ನೇರವಾಗಿ ಬರೆದರು. ಅದೇ ಲ್ಯಾಬಿನಲ್ಲಿ ಮಾರಿಸ್ ಹಗ್ಗಿನ್ಸ್ ಅನ್ನೋ ವಿದ್ಯಾರ್ಥಿ 1919ರಲ್ಲೇ ಈ ವಿಚಾರ ಬರೆದು ಕೊಟ್ಟಿದ್ದ, ಆದರೆ ಅದು ಅಚ್ಚಾಗಿರಲಿಲ್ಲ. ಇವನು ಈ ವಿಚಾರ ಬಳಸಿದ್ದಾನೆ, ಇನ್ನೂ ಪ್ರಕಟವಾಗಿಲ್ಲ ಅಂತ ಲ್ಯಾಟಿಮರ್ ಮತ್ತು ರೋಡ್‌ಬುಷ್ ತಮ್ಮ ಪ್ರಬಂಧದಲ್ಲಿ ಒಂದು ಸಾಲು ಬರೆದಿದ್ದಾರೆ. ಹಗ್ಗಿನ್ಸ್ ಜೀವನಪೂರ್ತಿ ಆ ಒಂದು ಸಾಲನ್ನು ಹಿಡಿದುಕೊಂಡು ‘ನಂದು ಮೊದಲು’ ಅನ್ನುತ್ತಲೇ ಇದ್ದ. ಆಫೀಸಿನಲ್ಲಿ ಮೀಟಿಂಗಿನಲ್ಲಿ ಹೇಳಿದ್ದನ್ನು ಇನ್ನೊಬ್ಬ ಸ್ಲೈಡ್ ಮಾಡಿ ತೋರಿಸಿದಾಗ ಆಗುವ ಉರಿ ನಿಮಗೂ ಗೊತ್ತಿರಬಹುದು.

ಇದರ ಬಲ ಎಷ್ಟು ಅಂದರೆ, ನೀರಿನ ಅಣುವಿನೊಳಗೆ ಆಮ್ಲಜನಕ ತನ್ನ ಹೈಡ್ರೋಜನ್ನನ್ನು ಹಿಡಿದ ಬಂಧ ಮುರಿಯೋಕೆ ಮೋಲಿಗೆ ಸುಮಾರು 460 ಕಿಲೋಜೌಲ್ ಬೇಕು. ಎರಡು ನೀರಿನ ಅಣುಗಳ ನಡುವಿನ ಹೈಡ್ರೋಜನ್ ಬಂಧ ಮುರಿಯೋಕೆ ಇಪ್ಪತ್ತರ ಆಸುಪಾಸು. ಕುಡಿಯುವ ನೀರಿನಲ್ಲಿ ಒಂದೊಂದು ಹೈಡ್ರೋಜನ್ ಬಂಧ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನಷ್ಟು ಹೊತ್ತು ಬಾಳಿ ಮುರಿಯುತ್ತೆ, ತಕ್ಷಣ ಪಕ್ಕದವರ ಜೊತೆ ಹೊಸದು ಹುಟ್ಟುತ್ತೆ. ಈ ನಡುಮಧ್ಯದ ಬಲವೇ ಅದರ ಉಪಯೋಗ. ಅವ್ವ ಜೋಳದ ಹಿಟ್ಟಿಗೆ ಕುದಿಯುವ ಎಸರು ಯಾಕೆ ಹಾಕುತ್ತಾಳೆ? ಜೋಳದಲ್ಲಿ ಗೋಧಿಯ ಹಾಗೆ ಜಿಗುಟು ಕೊಡುವ ಗ್ಲುಟೆನ್ ಇಲ್ಲ. ತಣ್ಣೀರು ಹಾಕಿ ನಾದಿದರೆ ರೊಟ್ಟಿ ಬಡಿಯುವಾಗಲೇ ಹರಿಯುತ್ತೆ. ಬಿಸಿ ನೀರು ಪಿಷ್ಟದ ಎಳೆಗಳ ನಡುವಿನ ಹೈಡ್ರೋಜನ್ ಬಂಧಗಳನ್ನು ಬಿಡಿಸುತ್ತೆ, ನಡುವೆ ನೀರು ಹೋಗಿ ಕೂರುತ್ತೆ, ಹಿಟ್ಟು ಅಂಟಂಟಾಗುತ್ತೆ. ಉಳಿದ ಅನ್ನ ಫ್ರಿಜ್ಜಿನಲ್ಲಿಟ್ಟರೆ ಬಿರುಸಾಗೋದು ಇದರ ಉಲ್ಟಾ. ಪಿಷ್ಟದ ಎಳೆಗಳು ಮತ್ತೆ ಹತ್ತಿರ ಬಂದು ಕೈ ಹಿಡಿದುಕೊಳ್ಳುತ್ತವೆ. ಮಾಶಿ ರಾತ್ರಿಯ ಅನ್ನವನ್ನು ನೀರಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಉಪ್ಪು, ಹಸಿಮೆಣಸು, ಈರುಳ್ಳಿ ಜೊತೆ ಪಾಂತಾ ಭಾತ್ ಅಂತ ಕೊಡುತ್ತಾರೆ. ನಮ್ಮ ಕಡೆಯ ಮೇ ಬಿಸಿಲಿಗೆ ಅದಕ್ಕಿಂತ ಒಳ್ಳೆಯ ನಾಷ್ಟಾ ನಾನು ತಿಂದಿಲ್ಲ.

ಬರ್ನಾಲ್ ಅನ್ನೋ ಹೆಸರು ನೆನಪಿಟ್ಟುಕೊಳ್ಳಿ, ಈ ಕಥೆಯಲ್ಲಿ ಆತ ಮೂರು ಸಲ ಬರ್ತಾನೆ. 1932ರಲ್ಲಿ ಮಾಸ್ಕೋದಲ್ಲಿ ಮಂಜು ಕವಿದು ವಿಮಾನ ಹಾರಲಿಲ್ಲ. ಕಾಯುತ್ತಾ ಕೂತ ಜೆ.ಡಿ. ಬರ್ನಾಲ್ ಮತ್ತು ರಾಲ್ಫ್ ಫೌಲರ್ ಎದುರಿಗಿದ್ದ ಮಂಜಿನ ಬಗ್ಗೆಯೇ ಮಾತಾಡುತ್ತಾ ನೀರಿನ ರಚನೆಯ ವಿಚಾರಕ್ಕೆ ಬಂದರು. 1933ರಲ್ಲಿ ಅವರ ಪ್ರಬಂಧ ಬಂತು. ಪ್ರತಿ ನೀರಿನ ಅಣುವಿಗೂ ಸುತ್ತ ನಾಲ್ಕು ನೆರೆಯವರು, ಇಬ್ಬರಿಗೆ ತಾನು ಹೈಡ್ರೋಜನ್ ಕೊಡುತ್ತೆ, ಇಬ್ಬರಿಂದ ತಾನು ಪಡೆಯುತ್ತೆ. ಪಾಲಿಂಗ್ 1935ರಲ್ಲಿ ಅದೇ ನಿಯಮ ಹಿಡಿದು ಮಂಜುಗಡ್ಡೆಯ ಎಂಟ್ರೊಪಿಯನ್ನು ಲೆಕ್ಕ ಹಾಕಿದ, 1939ರಲ್ಲಿ ‘ದಿ ನೇಚರ್ ಆಫ್ ದಿ ಕೆಮಿಕಲ್ ಬಾಂಡ್’ ಪುಸ್ತಕದಲ್ಲಿ ಹೈಡ್ರೋಜನ್ ಬಂಧಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟ. ಅಲ್ಲಿಂದ ಅದು ಎಲ್ಲರ ಬಾಯಲ್ಲೂ ಬಂತು. 1951ರಲ್ಲಿ ಪ್ರೋಟೀನಿನ ಆಲ್ಫಾ ಸುರುಳಿ, 1953ರಲ್ಲಿ ಡಿಎನ್‌ಎ.

ಡಿಎನ್‌ಎ ಕಥೆಯನ್ನು ಎಲ್ಲರೂ ಕೇಳಿರ್ತೀರಿ, ಅದರಲ್ಲಿ ಒಬ್ಬ ಸಣ್ಣ ಪಾತ್ರಧಾರಿ ನಮಗೆ ಬೇಕು. ವಾಟ್ಸನ್ ಪಠ್ಯಪುಸ್ತಕದಲ್ಲಿದ್ದ ಬೇಸುಗಳ ಚಿತ್ರ ನೋಡಿ ಮಾದರಿ ಕಟ್ಟುತ್ತಿದ್ದ. ಅದೇ ಕೋಣೆಯಲ್ಲಿ ಕೂತಿದ್ದ ಜೆರ‍್ರಿ ಡೊನೊಹ್ಯೂ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ, ಪುಸ್ತಕಗಳಲ್ಲಿ ಹೈಡ್ರೋಜನ್ ತಪ್ಪು ಜಾಗದಲ್ಲಿದೆ ಅಂದ. ಸರಿಯಾದ ಜಾಗಕ್ಕೆ ಸರಿಸಿದ ಕೂಡಲೇ ಎ ಜೊತೆ ಟಿ, ಜಿ ಜೊತೆ ಸಿ ಹೈಡ್ರೋಜನ್ ಬಂಧದಿಂದ ಪಟಪಟ ಕೂಡಿಕೊಂಡವು. ಹೈಡ್ರೋಜನ್ ಬಂಧದ ವಿಷಯದಲ್ಲಿ ಡೊನೊಹ್ಯೂ ಮಾತು ಅಂದರೆ ಅಂದಿನಿಂದ ಕಲ್ಲಿನ ಮೇಲೆ ಬರೆದ ಹಾಗೆ. ಮುಂದೆ ಅದೇ ತೊಂದರೆ ಆಯ್ತು.

ಜೂನ್ ಸೂಟರ್ ನ್ಯೂಜಿಲೆಂಡಿನವಳು. ಕೇಂಬ್ರಿಜ್‌ನಲ್ಲಿದ್ದಾಗ ಕೆಫೀನಿನ ಹರಳಿನ ರಚನೆ ಬಿಡಿಸಿದ್ದಳು. ನಮ್ಮ ಕಾಫಿಯಲ್ಲಿರೋದೇ ಆ ಕೆಫೀನು. ಆಮೇಲೆ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿಗೆ ಬಂದಳು. ಅದು ಬರ್ನಾಲ್ ಇದ್ದ ಕಾಲೇಜು. ಅಲ್ಲಿಂದ 1962ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಬರೆದಳು. ಅಲ್ಲಿಯವರೆಗಿನ ಒಪ್ಪಿತ ಮಾತು ಏನಂದರೆ, ಹೈಡ್ರೋಜನ್ ಆಮ್ಲಜನಕಕ್ಕೋ ಸಾರಜನಕಕ್ಕೋ ಫ್ಲೋರಿನ್‌ಗೋ ಅಂಟಿಕೊಂಡಿದ್ದರೆ ಮಾತ್ರ ಅದು ಇನ್ನೊಬ್ಬರ ಕೈ ಹಿಡಿಯಬಲ್ಲದು. ಇಂಗಾಲಕ್ಕೆ ಅಂಟಿದ ಹೈಡ್ರೋಜನ್ನಿಗೆ ಆ ಯೋಗ್ಯತೆ ಇಲ್ಲ. ಸೂಟರ್ ಹಲವು ಹರಳುಗಳ ಅಳತೆ ಮುಂದಿಟ್ಟು, ಇಂಗಾಲದ ಹೈಡ್ರೋಜನ್ ಕೂಡ ಆಮ್ಲಜನಕದ ಕಡೆಗೆ ಮಾಮೂಲಿಗಿಂತ ಹತ್ತಿರ ವಾಲಿದೆ, ಇದೂ ಹೈಡ್ರೋಜನ್ ಬಂಧವೇ ಅಂದಳು. 1968ರಲ್ಲಿ ಡೊನೊಹ್ಯೂ ಅವಳ ಅಳತೆಗಳನ್ನೇ ಪ್ರಶ್ನಿಸಿದ. ಹೈಡ್ರೋಜನ್ ಬಂಧದ ಮೇಲಿನ ತನ್ನ ವಿಮರ್ಶೆಯಲ್ಲಿ, ಅಂಥ ಬಂಧ ಇಲ್ಲವೇ ಇಲ್ಲ ಅನ್ನುವ ತೀರ್ಪು ಕೊಟ್ಟ. ಆ ವಿಮರ್ಶೆ ಬಂದದ್ದು ಪಾಲಿಂಗ್ ಗೌರವಕ್ಕೆ ತಂದ ಗ್ರಂಥದಲ್ಲಿ. ದೊಡ್ಡವರ ಪಂಕ್ತಿಯಲ್ಲಿ ಇಲ್ಲ ಅಂದರೆ ಮುಗೀತು. ಸೂಟರ್ ಮೂತ್ರಪಿಂಡದ ಕಲ್ಲುಗಳ ರಚನೆ ಅಭ್ಯಾಸ ಮಾಡಲು ಹೋದಳು, ಅದನ್ನೂ ಚೆನ್ನಾಗಿಯೇ ಮಾಡಿದಳು. 1982ರಲ್ಲಿ ಕೇಂಬ್ರಿಜ್‌ನ ರಾಬಿನ್ ಟೇಲರ್ ಮತ್ತು ಓಲ್ಗಾ ಕೆನ್ನಾರ್ಡ್ ನ್ಯೂಟ್ರಾನ್ ಕಿರಣದಿಂದ ಅಳೆದ 113 ಹರಳು ರಚನೆಗಳನ್ನು ಜಾಲಾಡಿದರು. ಎಕ್ಸ್‌-ರೇಗೆ ಹೈಡ್ರೋಜನ್ ಸರಿಯಾಗಿ ಕಾಣಲ್ಲ, ನ್ಯೂಟ್ರಾನ್‌ಗೆ ಕಾಣುತ್ತೆ. ಸೂಟರ್ ಹೇಳಿದ್ದೇ ಸರಿ ಅಂತ ತೇಲಿತು. ಇಪ್ಪತ್ತು ವರ್ಷ ಆಗಿತ್ತು.

ಇದೇ ಹೊತ್ತಿಗೆ ನಮ್ಮ ಕಡೆ ಏನಾಗ್ತಿತ್ತು? ಜಿ.ಎನ್. ರಾಮಚಂದ್ರನ್ ಎರ್ನಾಕುಲಂನವರು. 1942ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗೆ (ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ಗೆ) ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದೋಕೆ ಬಂದು, ಸಿ.ವಿ. ರಾಮನ್ ಕೈಗೆ ಸಿಕ್ಕು ಭೌತಶಾಸ್ತ್ರಕ್ಕೆ ದಾಟಿದರು. ಬ್ರಾಂಚ್ ಚೇಂಜ್ ಅಂದರೆ ಹೀಗಿರಬೇಕು. ಮುಂದೆ ಮದ್ರಾಸಿನಲ್ಲಿ ಪ್ರೊಫೆಸರ್ ಆಗಿದ್ದಾಗ, 1952ರಲ್ಲಿ ಅಲ್ಲಿಗೆ ಬಂದ ಬರ್ನಾಲ್ (ಮೂರನೇ ಸಲ) ಕೊಲ್ಲಾಜೆನ್ ರಚನೆ ಇನ್ನೂ ಬಗೆಹರಿದಿಲ್ಲ ಅಂತ ಮಾತಿನ ನಡುವೆ ಹೇಳಿ ಹೋದ. ಕೊಲ್ಲಾಜೆನ್ ಅಂದರೆ ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಹಿಡಿದಿಟ್ಟ ಪ್ರೋಟೀನು. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಕಾಂಗರೂ ಬಾಲದ ಸ್ನಾಯುರಜ್ಜುವಿನ ಎಕ್ಸ್‌-ರೇ ಚಿತ್ರ ತೆಗೆದು, 1954–55ರಲ್ಲಿ ಮೂರು ಎಳೆ ಹೆಣೆದ ಹಗ್ಗದಂಥ ರಚನೆ ಕೊಟ್ಟರು. ಪ್ರತಿ ಮೂರು ಕೊಂಡಿಗೆ ಎರಡು ಹೈಡ್ರೋಜನ್ ಬಂಧ ಅಂತ ಅವರ ಮಾದರಿ. ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ತಕರಾರು ತೆಗೆದರು: ನಿಮ್ಮ ಮಾದರಿಯಲ್ಲಿ ಪರಮಾಣುಗಳು ತೀರಾ ಹತ್ತಿರ ಬಂದಿವೆ, ಬಂಧ ಒಂದೇ.

ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಹುದು? ಬೈದು ಕೂರುವ ಬದಲು ರಾಮಚಂದ್ರನ್ ಅದನ್ನೇ ಅಳೆಯೋಕೆ ಹೊರಟರು. ಪ್ರಕಟವಾದ ಹರಳುಗಳನ್ನೆಲ್ಲ ಹುಡುಕಿ ರಾಮಕೃಷ್ಣನ್, ಶಶಿಶೇಖರನ್ ಜೊತೆ ಲೆಕ್ಕ ಹಾಕಿದರು. 1963ರಲ್ಲಿ ಬಂದದ್ದು ರಾಮಚಂದ್ರನ್ ನಕ್ಷೆ. ಪ್ರೋಟೀನಿನ ಯಾವ ತಿರುವು ಸಾಧ್ಯ, ಯಾವುದು ಅಸಾಧ್ಯ ಅಂತ ಹೇಳುವ ಆ ಚೌಕಟ್ಟು ಇವತ್ತಿಗೂ ಪ್ರಪಂಚದ ಪ್ರತಿ ಪ್ರೋಟೀನ್ ಲ್ಯಾಬಿನಲ್ಲೂ ತೆರೆದಿರುತ್ತೆ. ಒಂದು ಜಗಳಕ್ಕೆ ಕೊಟ್ಟ ಉತ್ತರ ಆ ಜಗಳಕ್ಕಿಂತ ಸಾವಿರ ಪಾಲು ದೊಡ್ಡದಾಗಿ ಬೆಳೆಯಿತು. ಆಮೇಲೆ ಅವರು ಬೆಂಗಳೂರಿಗೆ ಮರಳಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು.

ಕೊಲ್ಲಾಜೆನ್ ಜಗಳದಲ್ಲಿ ಗೆದ್ದವರು ಯಾರು? 1994ರಲ್ಲಿ ಕೊಲ್ಲಾಜೆನ್ ತರದ ಒಂದು ಪೆಪ್ಟೈಡಿನ ಹರಳು ಬಿಡಿಸಿದಾಗ ನೇರ ಹೈಡ್ರೋಜನ್ ಬಂಧ ಒಂದೇ ಕಂಡಿತು. ಆ ಮಟ್ಟಿಗೆ ರಿಚ್, ಕ್ರಿಕ್ ಸರಿ. ಆದರೆ ಸುತ್ತ ನೀರಿನ ಅಣುಗಳು ಸೇತುವೆಯ ಹಾಗೆ ಎಳೆಯಿಂದ ಎಳೆಗೆ ಕೈ ಚಾಚಿದ್ದವು. ಆ ನೀರಿನ ಸೇತುವೆಯನ್ನು ರಾಮಚಂದ್ರನ್ 1968ರಲ್ಲೇ ಹೇಳಿದ್ದರು. ಇನ್ನೊಂದು ಮಾತು: ಇಂಗಾಲದ ಹೈಡ್ರೋಜನ್ ಆಮ್ಲಜನಕವನ್ನು ಹಿಡಿಯುತ್ತೆ ಅನ್ನೋ ಸೂಟರ್ ವಿಚಾರ ಎಲ್ಲರಿಗೂ ಅಪಥ್ಯವಾಗಿದ್ದ 1960ರ ದಶಕದಲ್ಲೇ ರಾಮಚಂದ್ರನ್ ಗುಂಪು ಅದನ್ನು ತನ್ನ ಮಾದರಿಗಳಲ್ಲಿ ಬಳಸಿತ್ತು. 1996ರಲ್ಲಿ ಕೊಲ್ಲಾಜೆನ್ ಹರಳಿನಲ್ಲಿ ಅದೂ ಸಿಕ್ಕಿತು. ನನ್ನನ್ನು ಕೇಳಿದರೆ ಇಬ್ಬರಿಗೂ ಅರ್ಧರ್ಧ ಅನ್ನೋದು ಸರಿಯಲ್ಲ, ಆದರೆ ನಾನು ಬೆಂಗಳೂರಿನ ಪಕ್ಷಪಾತಿ.

ಇಷ್ಟೆಲ್ಲ ಆದಮೇಲೂ ಹೈಡ್ರೋಜನ್ ಬಂಧ ಅಂದರೆ ಏನು ಅನ್ನೋದಕ್ಕೆ ಎಲ್ಲರೂ ಒಪ್ಪುವ ಒಂದು ವ್ಯಾಖ್ಯೆ ಇರಲಿಲ್ಲ. ಪಾಲಿಂಗ್ ಹೇಳಿದ ಹಳೇ ಮಾತು, ಅದಕ್ಕೆ ಹೊರಗುಳಿದ ನೂರೆಂಟು ಉದಾಹರಣೆ. ಗೌತಮ್ ದೇಸಿರಾಜು 1991ರಲ್ಲಿ ಇಂಗಾಲ–ಹೈಡ್ರೋಜನ್–ಆಮ್ಲಜನಕದ ಬಂಧದ ಬಗ್ಗೆ ಬರೆದ ಲೇಖನದ ಶೀರ್ಷಿಕೆಯಲ್ಲೇ ‘ಅದು ಏನು?’ ಅನ್ನೋ ಪ್ರಶ್ನೆ ಇಟ್ಟಿದ್ದರು. 1999ರಲ್ಲಿ ಥಾಮಸ್ ಸ್ಟೈನರ್ ಜೊತೆ ದುರ್ಬಲ ಹೈಡ್ರೋಜನ್ ಬಂಧದ ಮೇಲೆಯೇ ಒಂದು ಪುಸ್ತಕ ತಂದರು. ಆಗ ಅವರು ಹೈದರಾಬಾದಿನಲ್ಲಿದ್ದರು, ಮುಂದೆ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಅಂತಾರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ ಐಯುಪಿಎಸಿ ಹೊಸ ವ್ಯಾಖ್ಯೆ ಬರೆಯೋಕೆ ಒಂದು ತಂಡ ಮಾಡಿತು. ಅದರ ಮುಖ್ಯಸ್ಥರು ಟಾಟಾ ಇನ್‌ಸ್ಟಿಟ್ಯೂಟಿನ ಇ. ಅರುಣನ್. 2011ರಲ್ಲಿ ಹದಿನಾಲ್ಕು ಜನರ ಹೆಸರಿನಲ್ಲಿ ವ್ಯಾಖ್ಯೆ ಅಚ್ಚಾಯಿತು, ಮೊದಲ ಎರಡು ಹೆಸರು ಅರುಣನ್, ದೇಸಿರಾಜು. ಮಲ್ಲೇಶ್ವರಕ್ಕೆ ಹೋಗುವಾಗ ಎಷ್ಟು ಸಲ ಆ ಕಾಂಪೌಂಡ್ ದಾಟಿದ್ದೀನೋ, ಪ್ರಪಂಚದ ಕೆಮಿಸ್ಟ್ರಿ ಪುಸ್ತಕಗಳ ಒಂದು ಸಾಲು ಒಳಗೆ ತಿದ್ದುಪಡಿ ಆಗುತ್ತಿತ್ತು ಅಂತ ಗೊತ್ತಿರಲಿಲ್ಲ.

ನಾನು ಸ್ಪೆಕ್ ಓದಿ ಹೊಟ್ಟೆ ಹೊರೆಯುವವನು, ಹಾಗಾಗಿ ಆ ವ್ಯಾಖ್ಯೆ ಬರೆದ ರೀತಿ ನನಗೆ ಹಿಡಿಸಿತು. ಈ ಪರಮಾಣುಗಳಿಗೆ ಮಾತ್ರ ಅಂತ ಪಟ್ಟಿ ಕೊಟ್ಟು ಬಾಗಿಲು ಹಾಕಿಲ್ಲ. ಹೈಡ್ರೋಜನ್ ತಾನಿರುವ ಪರಮಾಣು ತನಗಿಂತ ಎಲೆಕ್ಟ್ರಾನ್ ಸೆಳೆಯುವಂಥದ್ದಾಗಿರಬೇಕು. ಅದು ಇನ್ನೊಂದು ಪರಮಾಣುವನ್ನೋ ಗುಂಪನ್ನೋ ಸೆಳೆದು ಬಂಧ ಆಗಿದೆ ಅನ್ನೋದಕ್ಕೆ ಪುರಾವೆ ಇರಬೇಕು. ಪುರಾವೆ ಪ್ರಯೋಗದ್ದಾಗಬಹುದು, ಲೆಕ್ಕದ್ದಾಗಬಹುದು, ಎರಡೂ ಇದ್ದರೆ ಇನ್ನೂ ಒಳ್ಳೆಯದು. ಮೂವರೂ ಒಂದೇ ಗೆರೆಯಲ್ಲಿ ನಿಲ್ಲುವ ಪ್ರವೃತ್ತಿ, ಹೈಡ್ರೋಜನ್ನಿನ ಮೂಲ ಬಂಧ ತುಸು ಉದ್ದ ಆಗೋದು, ಹೀಗೆ ಯಾವುದನ್ನೆಲ್ಲ ಪುರಾವೆ ಅಂತ ಹಿಡಿಯಬಹುದು ಅಂತಲೂ ಬರೆದಿದ್ದಾರೆ. ಅಂದರೆ ನೀನು ಯಾರ ಮನೆಯವನು ಅಂತ ಕೇಳಲ್ಲ, ನೀನು ಹಿಡಿದಿದ್ದೀಯಾ ಅಂತ ಮಾತ್ರ ಕೇಳುತ್ತೆ.

2018ರಲ್ಲಿ ಇದಕ್ಕೊಂದು ಚಂದದ ಬಾಲ ಸೇರಿತು. ಹೈಡ್ರೋಜನ್ ಸಲ್ಫೈಡಿನಲ್ಲಿ ಹೈಡ್ರೋಜನ್ ಬಂಧ ಇಲ್ಲ ಅಂತ ಪಾಲಿಂಗ್ ಕಾಲದಿಂದ ನಂಬಿದ್ದರು. ಮಂಜುಗಡ್ಡೆಯಲ್ಲಿ ಪ್ರತಿ ಅಣುವಿಗೆ ನಾಲ್ಕು ನೆರೆಯವರು, ಇದರ ಗಡ್ಡೆಯಲ್ಲಿ ಹನ್ನೆರಡು, ಹಾಗಾಗಿ ಇದು ಸುಮ್ಮನೆ ಗುಂಡುಗಳ ರಾಶಿ ಅಂತ. ಅರುಣನ್ ಗುಂಪು ಮೈಕ್ರೋವೇವ್ ರೋಹಿತದಿಂದ ಎರಡೇ ಎರಡು ಅಣುಗಳ ಜೋಡಿಯನ್ನು, ತೀರಾ ತಣ್ಣಗೆ ಮಾಡಿ, ನೋಡಿತು. ನೀರಿನ ಜೋಡಿಯ ಹಾಗೆಯೇ ಒಂದರ ಹೈಡ್ರೋಜನ್ ಇನ್ನೊಂದರ ಕಡೆಗೆ ತಿರುಗಿ ನಿಂತಿತ್ತು. ಬಂಧ ಇತ್ತು. ಗಡ್ಡೆಯ ಗದ್ದಲದಲ್ಲಿ ಅಡಗಿತ್ತು ಅಷ್ಟೇ.

ಇದನ್ನೆಲ್ಲ ನಾನು ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. ಅವನು ಪುರಾವೆ ಅನ್ನೋ ಪದ ಬಂದ ಕೂಡಲೇ ನಕ್ಕುಬಿಟ್ಟ. ಅವರ ಮನೆಯಲ್ಲಿ ಅಜ್ಜಿಯ ಕಾಲದ ಒಂದು ತಗಡಿನ ಟ್ರಂಕಿದೆ, ಅದರಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕಾಗದಗಳು. ಯಾವಾಗ ಗಡಿ ದಾಟಿದರು, ಯಾವ ಶಿಬಿರದಲ್ಲಿದ್ದರು, ಯಾವ ಸರ್ವೆ ನಂಬರು ಕೊಟ್ಟರು. ಪೌರತ್ವದ ಮಾತು ಟಿವಿಯಲ್ಲಿ ಬಂದಾಗಲೆಲ್ಲ ಮಾಶಿ ಆ ಟ್ರಂಕು ತೆಗೆದು, ಇಲಿ ಕಡಿದಿಲ್ಲ ತಾನೆ ಅಂತ ನೋಡಿ, ಮತ್ತೆ ಮಡಚಿ ಇಡುತ್ತಾರೆ. ಗೆಳೆಯ ಹುಟ್ಟಿದ್ದು ಸಿಂಧನೂರಿನ ಆಸ್ಪತ್ರೆಯಲ್ಲಿ, ಹತ್ತನೇ ಕ್ಲಾಸಿನಲ್ಲಿ ಕನ್ನಡಕ್ಕೆ ನನಗಿಂತ ಒಂಬತ್ತು ಮಾರ್ಕ್ಸ್ ಜಾಸ್ತಿ ತೆಗೆದಿದ್ದ. ಈಗಲೂ ಹೊಸ ಕಚೇರಿಗೆ ಹೋದರೆ ಅವನ ಹೆಸರು ಕೇಳಿ, ನೀವು ಎಲ್ಲಿಯವರು ಅಂತ ಎರಡನೇ ಸಲ ಕೇಳುತ್ತಾರೆ. “ನಿನ್ನ ಕೆಮಿಸ್ಟ್ರಿಯವರು ಬಾಳ ಒಳ್ಳೇವ್ರು ಬಿಡಪ” ಅಂದ.

ಅವನ ಚಿಂತೆ ಈಗ ಗೋಡೆಯದಲ್ಲ, ಹೊಲದ್ದು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದಾಗ, ಎಡದಂಡೆ ಕಾಲುವೆಯ ನೀರನ್ನು ಹೆಚ್ಚು ಊರುಗಳಿಗೆ ತೆಳುವಾಗಿ ಹಂಚೋದು ಯೋಜನೆಯಾಗಿತ್ತು. ಬಹುಪಾಲು ಜೋಳ, ಹತ್ತಿಯಂಥ ಬೆಳೆ, ಭತ್ತ ಸ್ವಲ್ಪ. ಆದದ್ದು ಉಲ್ಟಾ. ಮೇಲ್ಭಾಗದವರು ಎರಡು ಬೆಳೆ ಭತ್ತ ಹಾಕಿದರು, ಕೊನೇ ಭಾಗದ ರಾಯಚೂರು ಕಡೆಯವರು ಕಾಲುವೆಯಲ್ಲಿ ಗಾಳಿ ನೋಡಿದರು. ಸೋನಾ ಮಸೂರಿ ಹೆಸರಲ್ಲಿ ಬೆಂಗಳೂರಿನ ಅಂಗಡಿಗೆ ನಮ್ಮೂರು ಬಂತು. ಆದರೆ ಎರೆ ಮಣ್ಣಿನಲ್ಲಿ ನಿಂತ ನೀರು ಸುಲಭಕ್ಕೆ ಬಸಿಯಲ್ಲ. ಅಂತರ್ಜಲ ಮೇಲೆ ಬಂತು, ಜೊತೆಗೆ ಉಪ್ಪು ಬಂತು, ಬಿಸಿಲಿಗೆ ನೀರು ಆರಿ ಉಪ್ಪು ಉಳಿಯಿತು. ನಮ್ಮ ಭಾಷೆಯಲ್ಲಿ ಸವಳು. ಆ ಉಪ್ಪಿನ ಸೋಡಿಯಂ ಜೇಡಿಯ ಹಾಳೆಗಳ ಸಂದಿ ಸೇರಿಕೊಂಡರೆ ಹಾಳೆಗಳು ಇನ್ನಷ್ಟು ದೂರ ಸರಿದು ಚದುರಿಹೋಗುತ್ತವೆ. ಮಣ್ಣು ಒದ್ದೆಯಾದರೆ ಗೋಂದು, ಒಣಗಿದರೆ ಕಲ್ಲು, ಬೇರು ಇಳಿಯಲ್ಲ. ಜಿಪ್ಸಂ ಹಾಕಿ ಅಂತ ಕೃಷಿ ಇಲಾಖೆಯವರು ಹೇಳೋದು ಇದಕ್ಕೇ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಎಬ್ಬಿಸಿ ತಾನು ಆ ಜಾಗದಲ್ಲಿ ಕೂರುತ್ತೆ, ಎರಡು ಪಟ್ಟು ವಿದ್ಯುದಂಶದಿಂದ ಹಾಳೆಗಳನ್ನು ಹತ್ತಿರ ಎಳೆಯುತ್ತೆ. ಎದ್ದ ಸೋಡಿಯಂ ತೊಳೆದು ಹೋಗೋಕೆ ಬಸಿಗಾಲುವೆ ಬೇಕು. ಜಿಪ್ಸಂ ಚೀಲ ಅಂಗಡಿಯಲ್ಲಿ ಸಿಗುತ್ತೆ. ಬಸಿಗಾಲುವೆ ತೋಡಬೇಕಂದರೆ ಕೆಳಗಿನ ಹೊಲದವರು, ಅದರ ಕೆಳಗಿನವರು, ಹಳ್ಳದವರೆಗೆ ಎಲ್ಲರೂ ಒಪ್ಪಬೇಕು. ಅವನ ಕೆಳಗಿನ ಹೊಲ ನಮ್ಮ ದೊಡ್ಡಪ್ಪನದು. ದೊಡ್ಡಪ್ಪ ಮೂರು ವರ್ಷದಿಂದ ‘ನೋಡೋಣ’ ಅಂತಿದ್ದಾರೆ.

ಈ ಸಲ ದಸರೆಗೆ ಊರಿಗೆ ಹೋದಾಗ ಇಬ್ಬರೂ ಸೇರಿ ದೊಡ್ಡಪ್ಪನ ಕಟ್ಟೆಗೆ ಹೋಗಿ ಕೂತೆವು. ಕ್ಯಾಂಪಿನಲ್ಲಿ ದುರ್ಗಾ ಪೂಜೆಯ ಢಾಕ್ ಬಾರಿಸುತ್ತಿದ್ದದ್ದು ಅಲ್ಲಿಗೂ ಕೇಳುತ್ತಿತ್ತು. ನಾನು ಹಾಳೆ, ಸೋಡಿಯಂ ಅಂತೆಲ್ಲ ಶುರು ಮಾಡಿದೆ. ದೊಡ್ಡಪ್ಪ ಕೈ ಅಡ್ಡ ಹಿಡಿದು, “ಅದೆಲ್ಲಾ ಇರ್ಲಿ ತಮ್ಮಾ, ಅವರಜ್ಜ ಬಂದಾಗ ಬೀಜದ ಜೋಳ ನಮ್ಮಪ್ಪ ಕೊಟ್ಟಿದ್ದ, ಇವನಿಗೆ ಗೊತ್ತೈತೇನು ಕೇಳು” ಅಂದರು. ಗೆಳೆಯನಿಗೆ ಗೊತ್ತಿತ್ತು. ಎಷ್ಟು ಸೇರು ಅನ್ನೋದೂ ಗೊತ್ತಿತ್ತು. ಬಸಿಗಾಲುವೆ ಯಾವ ಬದುವಿನ ಪಕ್ಕ ಹೋಗಬೇಕು ಅನ್ನೋ ಮಾತು ಆಮೇಲೆ ಶುರುವಾಯ್ತು, ಕತ್ತಲಾಗುವವರೆಗೂ ಮುಗಿಯಲಿಲ್ಲ.

ಮನೆಗೆ ಬಂದು ನೋಡಿದರೆ ಅಪ್ಪ ಗೋಡೆಯ ಮೇಲೆ ಹೊಸ ಗೆರೆ ಎಳೆದಿದ್ದರು. ಮಳೆ ಚೆನ್ನಾಗಿ ಆಗಿತ್ತು, ಬಿರುಕು ಮುಚ್ಚಿತ್ತು. ಬಣ್ಣ ಹೊಡಿಸಲಾ ಅಂತ ಕೇಳಿದೆ. “ಬ್ಯಾಡ, ಮೇ ತಿಂಗಳಾಗ ಮತ್ತ ಗೆರೆ ಹಾಕಬೇಕಲ್ಲ” ಅಂದರು.